ಗಂಟು ಹಾಕಿದ ತೋಳು

ನನ್ನ ಮಾವ ಟಾನ್ ಹ್ವೈರೆನ್ ಮೂಲಂಗಿ ಹೆಚ್ಚುವುದು ಎಡಗೈಯಲ್ಲಿ, ಬರೆಯುವುದು ಬಲಗೈಯಲ್ಲಿ. ಅಡುಗೆಮನೆಯಲ್ಲಿ, ಯಾರೂ ನೋಡದಿದ್ದಾಗ, ಆ ಎಡಗೈ ಹಕ್ಕಿಯ ಹಾಗೆ ಹಗುರಾಗಿ ಆಡುತ್ತದೆ. ಬರೆಯುವ ಮೇಜಿನ ಮುಂದೆ ಕುಳಿತೊಡನೆ ಅದೇ ಕೈ ಶಿಕ್ಷೆಗೊಳಗಾದ ವಿದ್ಯಾರ್ಥಿಯಂತೆ ತೊಡೆಯ ಮೇಲೆ ಮುಷ್ಟಿ ಕಟ್ಟಿ ಕೂರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡು ನಗು ಬರುತ್ತಿತ್ತು. ಈಗ ಮೈ ಉರಿಯುತ್ತದೆ.

ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಬೆಟ್ಟದ ಬುಡದ ಹಳೆಯ ಕನ್ಫ್ಯೂಷಿಯಸ್ ವಿದ್ಯಾಪೀಠದಲ್ಲಿ ಮಕ್ಕಳಿಗೆ ಮೊದಲ ಅಕ್ಷರ ಬರೆಸುವ ಗುರುಗಳು. ತೊಡುವುದು ಮೊಣಕೈ ಸವೆದ, ಸೊಂಟದವರೆಗಿನ ನೀಲಿ ಕೋಟು. ಆದರೂ ಅಲ್ಲಿಯ ಎತ್ತರದ ಹೊಸ್ತಿಲುಗಳನ್ನು ದಾಟುವಾಗ, ಪ್ರಾಚೀನ ಪಂಡಿತರು ನಿಲುವಂಗಿಯ ಅಂಚನ್ನು ಎತ್ತಿಕೊಳ್ಳುವಂತೆ, ಎರಡು ಬೆರಳಲ್ಲಿ ಬರಿಯ ಗಾಳಿಯನ್ನು ಎತ್ತಿ ಹಿಡಿದು ಗಂಭೀರವಾಗಿ ಕಾಲು ಹಾಕುತ್ತಾರೆ. ಹೊಸ್ತಿಲು ತುಳಿದವರು ಯಾರೇ ಆಗಲಿ, ಹಿಂದಕ್ಕೆ ಕಳಿಸಿ ಮತ್ತೆ ದಾಟಿಸುತ್ತಾರೆ. ಯಾಕೆಂದು ಕೇಳಿದರೆ ಗಂಟಲು ಸರಿಪಡಿಸಿಕೊಂಡು ಒಂದೇ ಉತ್ತರ: “ಹಿಂದಿನಿಂದ ಬಂದಿದ್ದು.” ನಾನು ಸೂಪಿಗೆ ಶುಂಠಿ ಕಡಿಮೆ ಹಾಕಿದಾಗಲೂ ಇದೇ ಮಾತು.

ನನ್ನ ಮಗಳು ಸ್ವೇಸ್ವೇ ಎಡಗೈಯವಳು. ಶಾಲೆಗೆ ಸೇರುವ ಮುಂಚೆ ವಿದ್ಯಾಪೀಠದಲ್ಲಿ ಅವಳಿಗೆ ಕುಂಚ ಹಿಡಿಸಲೇಬೇಕೆಂದು ಮಾವ ಪಟ್ಟು ಹಿಡಿದರು.

“ಎಡಗೈಲೇ ಬರೀತಾಳೆ, ತಡೀಬಾರದು,” ಎಂದೆ.

“ಮಗು ಅಳೋ ಹಾಗೆ ನಾನೇನೂ ಮಾಡಲ್ಲಮ್ಮ,” ಎಂದರು. ಅದನ್ನೇ ಮಾತು ಕೊಟ್ಟಂತೆ ಎಂದುಕೊಂಡೆ.

ಮೊದಲ ಅಕ್ಷರ ಬರೆಸುವ ದಿನ ವಿದ್ಯಾಪೀಠದ ಅಂಗಳದ ತುಂಬ ಉದ್ದ ತೋಳಿನ ನಿಲುವಂಗಿ ತೊಟ್ಟ ಮಕ್ಕಳು. ನನಗೋ ನೂರು ಚಿಂತೆ: ಬಿಸಿಲಿಗೆ ಮಗು ತಲೆ ತಿರುಗಿ ಬಿದ್ದರೆ? ವಿಧಿಯೆಂದು ಮಕ್ಕಳ ಹಣೆಗಿಡುವ ಕೆಂಪು ಬೊಟ್ಟಿನಲ್ಲಿ ಏನು ಬೆರೆಸಿದ್ದಾರೋ? ಬಿಸಿನೀರಿನ ಫ್ಲಾಸ್ಕನ್ನು ಅಪ್ಪಿಕೊಂಡು ಹೊಸ್ತಿಲಾಚೆಯ ಕಂಬಕ್ಕೊರಗಿ ನಿಂತಿದ್ದೆ. ಪಕ್ಕದಲ್ಲಿ ನಮ್ಮ ಕಟ್ಟಡದ ವಾನ್ ಅಜ್ಜಿ, ಅವಳಿ ಮೊಮ್ಮಕ್ಕಳನ್ನು ಕರೆತಂದವರು.

“ನಿಮ್ಮ ಹುಡುಗಿ ಎಡಚಿ ಅಲ್ವೇನೇ? ಬುದ್ಧಿ ಜಾಸ್ತಿ ಇರುತ್ತಂತೆ. ಆದ್ರೆ ಮದುವೆ ಊಟಕ್ಕೆ ಕೂತ್ರೆ ಪಕ್ಕದೋರ ಊಟದ ಕಡ್ಡಿ ಜೊತೆ ಕತ್ತಿವರಸೆ!”

“ಪಕ್ಕದೋರು ಸ್ವಲ್ಪ ಸರಿದು ಕೂತ್ಕೊಳ್ಳಲಿ ಬಿಡಿ ಅಜ್ಜಿ.”

“ಅಯ್ಯೋ, ಬಾಯಿ ನೋಡು ಇವಳದು!”

ಮೊದಲ ವಿಧಿ ಉಡುಪು ನೇರ ಮಾಡುವುದು. ಮಾವ ಸಾಲಿನುದ್ದಕ್ಕೂ ನಡೆದು ಪ್ರತಿ ಮಗುವಿನ ಕೊರಳಪಟ್ಟಿ, ಸೊಂಟಪಟ್ಟಿ ಸರಿಪಡಿಸಿದರು. ಸ್ವೇಸ್ವೇಯ ಮುಂದೆ ತುಸು ಹೆಚ್ಚು ಹೊತ್ತು ಬಗ್ಗಿದ್ದರು. ಮೊಮ್ಮಗಳೆಂಬ ಅಕ್ಕರೆ ಎಂದುಕೊಂಡೆ. ನಗಾರಿ ಮೊಳಗಿ, ಮಕ್ಕಳೆಲ್ಲ ಕುಂಚ ಎತ್ತಿದರು, ಆಗ ಕಂಡಿತು. ಅವಳ ನಿಲುವಂಗಿಯ ಎಡತೋಳಿನ ತುದಿಯನ್ನು ಬೆರಳುಗಳಿಂದಾಚೆಗೆ ಎಳೆದು, ಅಕ್ಕಿಚೀಲದ ಬಾಯಿ ಕಟ್ಟಿದಂತೆ ಗಂಟು ಹಾಕಿದ್ದರು. ನನ್ನ ಮಗಳು ಅಳುತ್ತಿರಲಿಲ್ಲ, ನಿಜ. ಆ ಗಂಟನ್ನೇ ನೋಡುತ್ತ, ತಪ್ಪು ತನ್ನದೇ ಇರಬೇಕೆಂಬ ಮುಖ ಮಾಡಿ ಸುಮ್ಮನೆ ನಿಂತಿದ್ದಳು.

ಯಾರನ್ನು ತಳ್ಳಿದೆನೋ, ಎಷ್ಟು ಹೊಸ್ತಿಲು ತುಳಿದೆನೋ.

“ಏನ್ ಮಾವ ಇದು? ಮಗೂನಾ, ಮೂಟೇನಾ?”

“ಮೆತ್ತಗೆ ಮಾತಾಡಮ್ಮ. ಎಲ್ರೂ ನೋಡ್ತಿದಾರೆ.”

“ನೋಡ್ಲಿ! ಚೆನ್ನಾಗಿ ನೋಡ್ಲಿ!”

ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಚ್ಚಿದೆ. ಮಾವನ ಮುಖ ಬಿಳಿಚಿಕೊಂಡಿತು. “ನಮ್ಮಪ್ಪ ನಂಗೂ ಕಟ್ಟಿದ್ರು. ದಾರದಲ್ಲಿ. ನಾನೇನು ಹಾಳಾಗಿ ಹೋದ್ನಾ?” ಎಂದರು.

“ನೋವಾಗ್ತಿತ್ತಾ ತಾತ?” ಸ್ವೇಸ್ವೇ ಕೇಳಿದಳು.

“ಇಲ್ಲ.” ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಮುಂದಿನ ಮಗುವಿನತ್ತ ತಿರುಗಿಬಿಟ್ಟರು.

ಅವಳು ಎಡಗೈಯಲ್ಲೇ ಬರೆದಳು: ‘ಮನುಷ್ಯ’ ಎಂಬ ಅಕ್ಷರ, ಒಂದಕ್ಕೊಂದು ಆನಿಕೊಂಡ ಎರಡೇ ಗೆರೆ. ವಾಲಿತ್ತು, ಮಸಿ ಸೋರಿತ್ತು, ಆದರೆ ನಿಂತಿತ್ತು. ಉಳಿದ ಮಕ್ಕಳ ಹಾಳೆಗಳನ್ನೆಲ್ಲ ಅಂಗಳದ ಹಗ್ಗಕ್ಕೆ ಸಿಕ್ಕಿಸಿದ ಮಾವ ಇವಳದನ್ನು ಮಾತ್ರ ಮಡಿಸಿ ಕೋಟಿನ ಜೇಬಿಗಿಳಿಸಿದರು. “ಮನೇಲಿ ಚೆನ್ನಾಗಿ ಬರೆಸಿ ತಂದು ಹಾಕ್ತೀನಿ.”

ನಾನು ಆ ಜೇಬಿಗೇ ಕೈ ಹಾಕಿದೆ. ವಾನ್ ಅಜ್ಜಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅವಳಿಗಳ ಹಾಳೆಗಳ ನಡುವೆ ಮಗಳದನ್ನು ಸಿಕ್ಕಿಸಿ, ಅವಳನ್ನು ಕರೆದುಕೊಂಡು ಹೊರಬಂದೆ. ಅಂದಿನಿಂದ ಮಾವ ನನ್ನೊಡನೆ ಮಾತಾಡಿಲ್ಲ. “ಹಿರಿಯರು, ಹೋಗ್ಲಿ ಬಿಡೆ,” ಎನ್ನುತ್ತಾನೆ ಗಂಡ. ಬಿಡುವುದಿಲ್ಲ.

ಇಂಥವರು ಕ್ರೂರಿಗಳಾಗಿದ್ದರೆ ಎದುರಿಸುವುದು ಸುಲಭವಿತ್ತು. ಕಲ್ಲಂಗಡಿಯ ಸಿಹಿಯಾದ ನಡುಭಾಗವನ್ನು ಮಕ್ಕಳಿಗೆ ಕೊಟ್ಟು ಸಿಪ್ಪೆಯಂಚನ್ನು ತಾವು ತಿನ್ನುವವರು ಇವರು. ಆದರೆ ಎಳವೆಯಲ್ಲಿ ತಮಗೆ ಕೊಟ್ಟ ನೋವು ಯಾರ ಹಿತಕ್ಕೂ ಆಗಿರಲಿಲ್ಲವೆಂದು ಒಪ್ಪಿಬಿಟ್ಟರೆ, ಒಳಗೆ ಇನ್ನೂ ಮುಷ್ಟಿ ಕಟ್ಟಿ ಕುಳಿತಿರುವ ಆ ಪುಟ್ಟ ಹುಡುಗನಿಗೆ ಇವರು ಏನೆಂದು ಸಮಾಧಾನ ಹೇಳಿಯಾರು? ಅದಕ್ಕೇ ಆ ನೋವಿಗೆ ಸಂಸ್ಕಾರವೆಂದು ಹೆಸರಿಟ್ಟು, ಅಕ್ಕರೆಯಿಂದ, ನಗುನಗುತ್ತಲೇ ಮುಂದಿನವರಿಗೆ ಕಟ್ಟುತ್ತಾರೆ. ಇವರ ಮೇಲೆ ಕನಿಕರ ಪಡಬಹುದು. ಮಗುವನ್ನು ಮಾತ್ರ ಒಪ್ಪಿಸಬಾರದು.