ಹನ್ನೆರಡೂ ತಿಂಗಳು

ಗಾಲಿಯ ಕೆಳಗೆ ಏನೋ ಚಟಚಟ ಮುರಿಯುತ್ತಿದೆ, ತೊಗರಿ, ರಾಶಿ ಮಾಡುವವರು ಗಿಡ ಸಮೇತ ರಸ್ತೆಯ ಮೇಲೆ ಹರಡಿಬಿಟ್ಟಿದ್ದಾರೆ, ಡ್ರೈವರ್ ಬಯ್ಯುತ್ತಲೇ ಅದರ ಮೇಲೆ ಬಸ್ಸು ಹಾಯಿಸುತ್ತಾನೆ, ಧೂಳು ಒಳಗೆ ಬರುತ್ತದೆ, ಹಿಂದೆ ಯಾರೋ ಸೀನುತ್ತಾರೆ, ಮುದ್ದೇಬಿಹಾಳ ಬಿಟ್ಟು ಅರ್ಧ ತಾಸಾಯಿತೇನೋ, ಇನ್ನರ್ಧ ತಾಸಿಗೆ ಆಲಮಟ್ಟಿ, ಮಡಿಲಲ್ಲಿ ರೊಟ್ಟಿಯ ಗಂಟು ಇನ್ನೂ ಬೆಚ್ಚಗಿದೆ — ಇವತ್ತು ಸಂಜೆ ಐದಕ್ಕೆ ಹಾದಿಬುತ್ತಿ ಮುಚ್ಚುತ್ತದೆ. ಹದಿನಾಲ್ಕು ವರ್ಷ. ಕಾಲೇಜಿನ ಲೈಬ್ರರಿಯಲ್ಲಿ ನನ್ನ ಮೇಜಿನ ಹಳೇ ಕಂಪ್ಯೂಟರಿನಲ್ಲಿ ಶುರು ಮಾಡಿದ್ದು, ಊರು ಸುತ್ತುವವರೆಲ್ಲ ಕೂತು ಮಾತಾಡಲು ಇಂಟರ್‌ನೆಟ್ಟಿನಲ್ಲಿ ಒಂದು ಕಟ್ಟೆ, ಮೊದಲು ನಾನು, ಬಾಗೇವಾಡಿಯಲ್ಲಿ ಕಂಪ್ಯೂಟರ್ ಅಂಗಡಿಯ ಬಸಣ್ಣ, ಇಂಡಿ ಊರಿನ ಸಾಲಿ ಟೀಚರ್ ನಸ್ರೀನ, ಮೂರೇ ಜನ, ಆಮೇಲೆ ಆರು ಸಾವಿರ ಜನ, ಯಾವ ಬಸ್ಸು ಎಷ್ಟಕ್ಕೆ, ಯಾವ ಗುಡಿಯ ಹಿಂದೆ ಸಿಹಿನೀರಿನ ಬಾವಿ, ಯಾವ ಧರ್ಮಶಾಲೆಯಲ್ಲಿ ತಿಗಣೆ, ಎಲ್ಲ ಬರೆಯುತ್ತಿದ್ದರು. ಈಗ ಯಾರು ಬರೆಯುತ್ತಾರೆ, ಎಲ್ಲ ವಿಡಿಯೋ. ಜಾಗ ಕೊಟ್ಟಿದ್ದ ಕಂಪನಿ ಇನ್ನು ನಡೆಸುವುದಿಲ್ಲ ಎಂದು ಪತ್ರ ಕಳಿಸಿದಾಗ ಬಸಣ್ಣ ಓಡಿ ಬಂದಿದ್ದ, ಅಕ್ಕಾರ, ಚಿಂತಿ ಮಾಡಬ್ಯಾಡ್ರಿ, ಎಲ್ಲಾ ಎತ್ತಿ ಬ್ಯಾರೆ ಕಡೆ ಇಡ್ತೇನಿ, ಒಂದ ವಾರದ ಕೆಲಸ, ಒಂದ ಅಕ್ಷರನೂ ಹೋಗೂದಿಲ್ಲ. ಒಂದಕ್ಷರವೂ ಹೋಗುವುದಿಲ್ಲ ಎಂದದ್ದಕ್ಕೇ ನನ್ನ ಎದೆ ಹಾರಿತ್ತು. ಬ್ಯಾಡೋ ಬಸಣ್ಣ, ಹುಟ್ಟಿದ್ದು ಎಂದಾದರ ಸಾಯಬೇಕು, ಮುಗೀಲಿ ಬಿಡು ಎಂದೆ. ಜಯಮಾಲಕ್ಕಂದು ಎಂಥಾ ಮನಸ್ಸು, ಕಟ್ಟಿದ್ದನ್ನ ಬಿಟ್ಟುಕೊಡೂದು ಎಲ್ಲಾರಿಗೂ ಆಗೂದಿಲ್ಲ ಎಂದು ಅವನು ಎಲ್ಲರಿಗೂ ಹೇಳಿದ. ಎಲ್ಲರೂ ಹೌದೆಂದರು. ನಾನು ಸುಮ್ಮನಿದ್ದೆ, ಸುಮ್ಮನಿರುವುದು ನನಗೆ ರೂಢಿಯಾಗಿದೆ, ಏಳು ವರ್ಷದ ರೂಢಿ.

ಮಾರ್ಚ್ ತಿಂಗಳು ಅದು. ನಮ್ಮವರು ಅನೀಲಕುಮಾರ, ಅವರ ಬೈಕಿನ ಹಿಂದೆ ನಾನು, ಡೋಣಿ ಹೊಳೆಯ ಆಚೆ ದಂಡೆಗೆ ಒಂದು ಹಾಳು ಮಂಟಪವಿದೆ ಎಂದು ಯಾರೋ ಹೇಳಿದ್ದರು, ಹೋದೆವು, ಹೊಳೆಯಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ, ಬಂಡೆಗಲ್ಲಿನ ಹಾಸು, ಗಾಡಿ ಸಲೀಸಾಗಿ ದಾಟಿತು, ಮಂಟಪದ ನೆರಳಲ್ಲಿ ಕೂತು ಕಡಲೆ ಗಿಡ ಸುಲಿದು ತಿಂದೆವು. ಮನೆಗೆ ಬಂದು ಬರೆದೆ. ಗಾಡಿ ಸಮೇತ ದಾಟಬಹುದು ಎಂದು ಬರೆದೆ, ಓದಿಕೊಂಡರೆ ವಾಕ್ಯ ಸಪ್ಪೆ ಅನಿಸಿತು, ಬಲ್ಲವಳು ಬರೆದಂತಿರಲಿಲ್ಲ, ಇಲ್ಲಿ ಹನ್ನೆರಡೂ ತಿಂಗಳು ಗಾಡಿ ಸಮೇತ ದಾಟಬಹುದು ಎಂದು ತಿದ್ದಿದೆ. ಯಾರನ್ನೂ ಕೇಳಲಿಲ್ಲ. ಮಳೆಗಾಲದಲ್ಲಿ ಡೋಣಿ ಏನೆಂದು ಈ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ನನಗೂ ಗೊತ್ತಿತ್ತು, ಬರೆಯುವಾಗ ಮಾತ್ರ ಗೊತ್ತಿರಲಿಲ್ಲ, ಬರೆಯುವಾಗ ನನಗೆ ಆ ಎರಡು ಪದಗಳ ಓಟವಷ್ಟೇ ಚೆಂದ ಕಂಡಿತ್ತು. ಹೋಗಿ ಕಂಡದ್ದನ್ನಷ್ಟೇ ಬರೆಯಿರಿ — ಹಾದಿಬುತ್ತಿಯ ಮೊದಲ ನಿಯಮ ಅದು, ಬರೆದವಳೂ ನಾನೇ.

ಕಂಡಕ್ಟರ್ ಏನೋ ಕೂಗಿದ, ನಿಡಗುಂದಿಗೆ ಹೋಗುವವರು ಕೂತಿರಿ ಎಂದೇನೋ, ಒಬ್ಬಳು ಮುದುಕಿ ಕೋಳಿಬುಟ್ಟಿ ಹಿಡಿದು ಏಳುತ್ತಾಳೆ ಮತ್ತೆ ಕೂರುತ್ತಾಳೆ. ಯಲ್ಲಾಲಿಂಗನನ್ನು ನಾನು ಕಂಡದ್ದು ಒಂದೇ ಸಲ, ಹಾದಿಬುತ್ತಿಯವರೆಲ್ಲ ಬಾಗೇವಾಡಿಯಲ್ಲಿ ಸೇರಿದ್ದಾಗ, ಸಿಂದಗಿಯ ಲೈನ್‌ಮನ್, ಕಂಬ ಹತ್ತಿ ಹತ್ತಿ ಗಟ್ಟಿಯಾದ ಕೈ, ಅಕ್ಕಾರ, ನೀವ ಬರದದ್ದು ಅಂದ್ರ ನಾ ಕಣ್ಣ ಮುಚ್ಚಿ ಹೊಕ್ಕೇನ್ರಿ ಎಂದು ನಕ್ಕಿದ್ದ. ಆ ಸೆಪ್ಟೆಂಬರಿನಲ್ಲಿ ಬೆಳಿಗ್ಗೆ ಲೈಬ್ರರಿಯ ಬಾಗಿಲು ತೆಗೆಯುವಾಗ ನಸ್ರೀನಳ ಫೋನು, ಅಕ್ಕಾ, ಸಿಂದಗಿ ಯಲ್ಲಾಲಿಂಗ ಡೋಣಿಯೊಳಗ ಹೋದ್ನಂತ, ನಿನ್ನೆ ಸಂಜಿಕ, ಹೆಣ್ತಿ ದಂಡಿಮ್ಯಾಲ ನಿಂತಿದ್ಲಂತ, ನೀ ಇಲ್ಲೇ ನಿಂದ್ರು ನಾ ಮೊದಲ ದಾಟಿ ನೋಡ್ತೇನಿ ಅಂದ್ನಂತ. ನಸ್ರೀನ ಅಳುತ್ತಿದ್ದಳು. ನಾನು ಅಳಲಿಲ್ಲ, ಅವನ ಹೆಂಡತಿ ಹೇಗಿದ್ದಾಳೆ ಎಂದು ಕೇಳಲಿಲ್ಲ, ಕುರ್ಚಿಯಲ್ಲೂ ಕೂಡಲಿಲ್ಲ, ನಿಂತೇ ಕಂಪ್ಯೂಟರ್ ಹಚ್ಚಿದೆ, ನಿಂತೇ ಆ ಪುಟ ತೆಗೆದೆ, ಹನ್ನೆರಡೂ ತಿಂಗಳು ಎಂಬುದನ್ನು ಅಳಿಸಿ ಬೇಸಿಗೆಯಲ್ಲಿ ಮಾತ್ರ ಎಂದು ಹಾಕಿದೆ. ಎಷ್ಟು ಹೊತ್ತು ಹಿಡಿಯಿತು, ಒಂದು ಗುಟುಕು ಚಹಾ ಕುಡಿಯುವಷ್ಟು. ಯಾವಾಗ ತಿದ್ದಿದ್ದು, ಮೊದಲೇನಿತ್ತು ಎಂಬುದು ಒಳಗೆಲ್ಲೋ ಉಳಿದಿರುತ್ತದೆ, ಅದನ್ನು ನೋಡುವ ಅಧಿಕಾರ ನನಗೊಬ್ಬಳಿಗೇ. ಆಮೇಲೆ ಶ್ರದ್ಧಾಂಜಲಿ ಬರೆದೆ, ಚೆನ್ನಾಗಿಯೇ ಬರೆದೆ, ಕೊನೆಗೆ, ಗೆಳೆಯರೇ, ನಮ್ಮ ಪುಟದಲ್ಲಿ ಹೇಳಿರುವಂತೆ ಬೇಸಿಗೆಯಲ್ಲಷ್ಟೇ ಆ ಹೊಳೆ ದಾಟಬೇಕು, ದಯವಿಟ್ಟು ಪೂರ್ತಿ ಓದಿ ಹೊರಡಿ. ಪೂರ್ತಿ ಓದಿ ಹೊರಡಿ! ಅದರ ಕೆಳಗೆ ಪಿಂಚಣಿದಾರ ಖಂಡೆಪ್ಪನವರು ಬರೆದರು, ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಓದದೆ ಹೋದರೆ ಯಾರೇನು ಮಾಡಲಾದೀತು, ಪಾಪ, ಅವಸರದ ಹುಡುಗ. ನಲವತ್ತು ಜನ ಹೌದೆಂದರು. ನಾನು ಕೈಮುಗಿದ ಚಿತ್ರ ಒತ್ತಿದೆ. ಸತ್ತವನನ್ನು ಅವಸರದವನು ಮಾಡಿದೆ, ಹೊಳೆ ಅವನನ್ನು ಒಂದು ಸಲ ಒಯ್ದಿತ್ತು, ನಾನು ಇನ್ನೊಂದು ಸಲ.

ಆಲಮಟ್ಟಿ, ಅಣೆಕಟ್ಟಿನ ಕೆಳಗಿನ ತೋಟ, ಹುಲ್ಲಿನ ಮೇಲೆ ಜಮಖಾನೆ, ಇಪ್ಪತ್ಮೂರು ಜನ ಬಂದಿದ್ದಾರೆ, ಬಸಣ್ಣ ಬ್ಯಾನರ್ ಕೂಡ ಮಾಡಿಸಿದ್ದಾನೆ, ಹಾದಿಬುತ್ತಿಗೆ ಬೀಳ್ಕೊಡುಗೆ, ನನ್ನ ಹೆಸರು ದೊಡ್ಡದಾಗಿ, ನಸ್ರೀನ ಓಡಿ ಬಂದು ತಬ್ಬಿಕೊಳ್ಳುತ್ತಾಳೆ, ಅವಳ ಕೂದಲು ನೆರೆತಿದೆ, ನನ್ನದೂ. ಒಬ್ಬೊಬ್ಬರೇ ಎದ್ದು ಮಾತಾಡುತ್ತಾರೆ, ಮೊದಲ ರೈಲಿನ ಕಥೆ, ಹಂಪಿಯಲ್ಲಿ ತಪ್ಪಿಸಿಕೊಂಡ ಕಥೆ, ಖಂಡೆಪ್ಪನವರು, ಜಯಮಾಲಾ ಬಾಯಿಯವರು ಬರೆದದ್ದು ಸರ್ಕಾರಿ ನಕಾಶೆಗಿಂತ ಖಾತ್ರಿ ಎನ್ನುತ್ತಾರೆ, ಚಪ್ಪಾಳೆ, ನಾನು ಹುಲ್ಲು ಕೀಳುತ್ತೇನೆ. ಹಿಂದೆ ಒಬ್ಬಳು ಎದ್ದು ನಿಂತಳು, ಬಿಳಿ ಚುಕ್ಕಿಯ ಕಂದು ಸೀರೆ, ತೆಳ್ಳಗೆ, ಯಾರಿವಳು ಎನ್ನುವಷ್ಟರಲ್ಲಿ ಬಸಣ್ಣ ಹೇಳಿದ, ಇವರು ಸೌಂದರ್ಯಾ ಅಂತ, ನಮ್ಮ ಯಲ್ಲಾಲಿಂಗನ ಮನಿಯವರು, ಸಿಂದಗಿಯೊಳಗ ಹೊಲಿಗಿ ಅಂಗಡಿ ಇಟ್ಟಾರ. ನನ್ನ ಕೈಯಲ್ಲಿ ಹುಲ್ಲು ಹಾಗೇ ಉಳಿಯಿತು. ಅವಳಿಗೆ ಮಾತಾಡಿ ರೂಢಿಯಿಲ್ಲ, ಸೆರಗಿನ ತುದಿ ಸುತ್ತುತ್ತ ಬಿಚ್ಚುತ್ತ ಶುರು ಮಾಡಿದಳು. ನಾ ನಿಮ್ಮ ಕಡೆ ಒಂದ ಕ್ಷಮಾ ಕೇಳಾಕ ಬಂದೇನ್ರಿ. ಅವತ್ತ ಅವರು ಗಾಡಿ ಬಿಚ್ಚಿಕೊಂಡು ಕುಂತಿದ್ರು, ಕೈಗೆಲ್ಲಾ ಆಯಿಲ್, ನೀ ಓದು ನಾ ಕೇಳ್ತೇನಿ ಅಂದ್ರು. ನಾ ಓದಿದೆ. ಹನ್ನೆರಡೂ ತಿಂಗಳು ದಾಟಬಹುದು ಅಂತ ಓದಿದೆ. ಮರುದಿನ ಹೋದ್ವಿ. ಎಲ್ಲಾ ಮುಗದ ಮ್ಯಾಲ ಫೋನ್ ತಗದ ನೋಡ್ತೇನಿ, ಬೇಸಿಗೆಯಲ್ಲಿ ಮಾತ್ರ ಅಂತ ಐತಿ. ಏಳು ವರ್ಷ ಆತ್ರಿ, ಆ ಅಕ್ಷರ ನನ್ನ ಕಣ್ಣಿಗೆ ಹೆಂಗ ಹಂಗ ಕಂಡೂವು ಅಂತ ಇನ್ನೂ ತಿಳಿವಲ್ದು. ನಮ್ಮತ್ತಿ ಸೀತವ್ವ ಅಂತಾಳ, ಬಿ.ಎ. ಓದಿದ ಸೊಸಿ ಅಂತ ತಂದ್ವಿ, ನಾಕ ಅಕ್ಷರ ಸರಿ ಓದಲಿಲ್ಲ ನನ್ನ ಮಗನ ಮುಂದ ಅಂತ. ಖರೇನ ಐತಿ. ತಪ್ಪ ಓದಿದಾಕಿ ನಾ, ಕೆಟ್ಟ ಹೆಸರ ನಿಮ್ಮ ಹಾದಿಬುತ್ತಿಗೂ ಬಂತು, ಅವರಿಗೂ ಬಂತು. ಇವತ್ತ ಇದು ಮುಚ್ಚೂದ್ರಾಗ ಒಮ್ಮಿ ಹೇಳಿ ಬಿಡಬೇಕಂತ ಬಂದೆ. ಇಷ್ಟ್ರೀ.

ಕೂತಳು. ಯಾರೋ ಮೂಗೆಳೆದರು. ಖಂಡೆಪ್ಪನವರು ಅವಳ ತಲೆ ಮೇಲೆ ಕೈಯಿಟ್ಟು, ಆಗೂದು ಆಗಿ ಹೋತು ತಂಗಿ, ನಿನ್ನ ಕೈಯಾಗ ಏನೈತಿ ಎಂದರು. ಎಲ್ಲರೂ ಅವಳನ್ನು ಕ್ಷಮಿಸುತ್ತಿದ್ದಾರೆ! ನಾನೂ ತಲೆಯಾಡಿಸಿದೆನೇ, ಆಡಿಸಿರಬೇಕು, ಅವಳು ನನ್ನ ಕಡೆ ನೋಡಿ ಸಣ್ಣಗೆ ನಕ್ಕಳಲ್ಲ. ಊಟ ಬಿಚ್ಚಿದರು, ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ, ಮೊಸರು, ಗಂಟೆ ಮೂರೂವರೆ. ಇನ್ನು ಒಂದೂವರೆ ತಾಸು. ಸುಮ್ಮನಿದ್ದರೆ ಸಾಕು, ಐದಕ್ಕೆ ಪುಟವೂ ಇಲ್ಲ, ತಿದ್ದಿದ ಗುರುತೂ ಇಲ್ಲ, ಆಮೇಲೆ ನಾನೇ ಹೇಳಿದರೂ ಯಾರು ನಂಬುತ್ತಾರೆ, ಅಕ್ಕ ದೊಡ್ಡತನಕ್ಕೆ ತನ್ನ ಮೇಲೆ ಹಾಕಿಕೊಂಡಳು ಎಂದಾರು. ಏಳು ವರ್ಷ ಅವಳು ದಿನಾ ಆ ಎರಡು ಪದ ಓದಿಕೊಂಡಿದ್ದಾಳೆ, ಹೊಲಿಗೆ ಯಂತ್ರ ತುಳಿಯುತ್ತ, ನೂಲು ಪೋಣಿಸುತ್ತ, ತನ್ನ ಕಣ್ಣನ್ನೇ ನಂಬದೆ. ನಾನು ನನ್ನ ತಪ್ಪನ್ನಷ್ಟೇ ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದೆ, ಅವಳೊಬ್ಬಳು ಇರುತ್ತಾಳೆಂದು, ಅವಳು ಓದಿದ್ದಳೆಂದು, ದಿನಾ ಬೆಳಗಾಗುತ್ತದೆಂದು ನನಗೆ — ಅಕ್ಕಾರ, ನೀವ ಏನೂ ಉಣಲೇ ಇಲ್ಲಲ್ರಿ. ಅವಳೇ. ಚಟ್ನಿಯ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತಿದ್ದಾಳೆ, ನನ್ನ ತಾಟಿನಲ್ಲಿ ಒಂದು ರೊಟ್ಟಿ ಇಡುತ್ತಾಳೆ, ಮುರಿದು ಇಡುತ್ತಾಳೆ, ಮಕ್ಕಳಿಗೆ ಮುರಿದು ಕೊಡುವ ಹಾಗೆ. ನೀ ಸರಿಯಾಗೇ ಓದಿದ್ದಿ ಎಂದೆ.

ಏನಂದ್ರಿ ಎಂದಳು. ಸೌಂದರ್ಯಾ, ನೀ ಸರಿಯಾಗೇ ಓದಿದ್ದಿ, ಹನ್ನೆರಡೂ ತಿಂಗಳು ಅಂತನ ಇತ್ತು, ಬರದಾಕಿ ನಾನು, ಸುದ್ದಿ ಬಂದ ದಿನ ಮುಂಜಾನೆ ತಿದ್ದಿದಾಕಿನೂ ನಾನು. ನನ್ನ ದನಿ ಎಷ್ಟು ಸಾದಾ ಇತ್ತು, ಬಸ್ಸಿನ ವೇಳೆ ಹೇಳಿದ ಹಾಗೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಇನ್ನೊಮ್ಮಿ ಹೇಳ್ರಿ. ಹೇಳಿದೆ. ತೋರಸ್ರಿ. ಫೋನಿನಲ್ಲಿ ಆ ಒಳಗಿನ ಪುಟ ತೆಗೆದು ತೋರಿಸಿದೆ, ಮೊದಲಿದ್ದ ವಾಕ್ಯ, ಆಮೇಲಿನ ವಾಕ್ಯ, ಎರಡರ ಮುಂದೆಯೂ ತಾರೀಖು. ಓದಿದಳು. ಮೇಲೆ ಓದಿದಳು, ಕೆಳಗೆ ಓದಿದಳು, ತುಟಿ ಅಲ್ಲಾಡುತ್ತಿತ್ತು. ಬಯ್ಯಲಿ, ಹೊಡೆಯಲಿ, ಇಷ್ಟು ಜನರ ನಡುವೆ ಕೂಗಲಿ ಎಂದು ಕಾದೆ, ಒಳಗೆ ಎಲ್ಲೋ ಒಂದು ಕಡೆ ಹಗುರ ಕೂಡ ಆಗುತ್ತಿತ್ತು, ಛೀ, ಅದಕ್ಕೂ ನಾಚಿಕೆಯಾಯಿತು. ಅವಳು ತನ್ನ ಫೋನು ತೆಗೆದು ಯಾರಿಗೋ ಹಚ್ಚಿದಳು. ಅತ್ತಿ, ಒಬ್ಬರಿಗೆ ಕೊಡ್ತೇನಿ, ಅವರ ಮಾತ ಕೇಳ್ರಿ ಎಂದು ನನ್ನ ಕಿವಿಗೆ ಹಿಡಿದಳು, ಕೈಗೆ ಕೊಡಲಿಲ್ಲ, ತಾನೇ ಹಿಡಿದಳು. ಆ ಕಡೆ ಕುರಿಯ ಸದ್ದು, ಯಾರೋ ಬಟ್ಟೆ ಒಗೆಯುವ ಸದ್ದು, ಯಾರವಾ ನೀ ಎಂದು ಮುದಿ ದನಿ. ನಾ ಮುದ್ದೇಬಿಹಾಳದ ಜಯಮಾಲಾರಿ, ಹೊಳಿ ದಾಟಬಹುದು ಅಂತ ತಪ್ಪ ಬರದಾಕಿ ನಾನು, ನಿಮ್ಮ ಮಗ ಹೋದ ಮ್ಯಾಲ ಯಾರಿಗೂ ತಿಳೀಬಾರದಂತ ತಿದ್ದೇನ್ರಿ, ನಿಮ್ಮ ಸೊಸಿ ಇದ್ದದ್ದನ್ನ ಇದ್ದಂಗ ಓದ್ಯಾಳ. ಬಟ್ಟೆಯ ಸದ್ದು ನಿಂತಿತು. ಕುರಿ ಒಂದು ಸಲ ಒದರಿತು. ಏಳು ವರ್ಷ ಎಲ್ಲಿ ಹೋಗಿದ್ದಿ ಎಂದಳು ಸೀತವ್ವ. ಇಲ್ಲೇ ಇದ್ದೆ. ಲೈಬ್ರರಿಯಲ್ಲಿ ಇದ್ದೆ, ಹಬ್ಬಕ್ಕೆ ಹೋಳಿಗೆ ಮಾಡಿದೆ, ಗೋವಾ ನೋಡಿ ಬಂದು ಅದನ್ನೂ ಬರೆದೆ ಎಂದುಕೊಂಡೆ. ಅಕೀಗೆ ಕೊಡು ಎಂದಳು ಮುದುಕಿ, ದನಿ ಒಡೆದಿತ್ತು, ನನ್ನ ಸೊಸಿಗೆ ಕೊಡು ಫೋನು.

ಸೌಂದರ್ಯಾ ಎದ್ದಳು, ಏಳುವ ರಭಸಕ್ಕೆ ಡಬ್ಬಿ ಉರುಳಿ ಚಟ್ನಿ ಹುಲ್ಲಿಗೆ ಚೆಲ್ಲಿತು, ಕಿವಿಗೆ ಫೋನು ಹಿಡಿದು ತೋಟದಂಚಿನ ಕಲ್ಲುಕಟ್ಟೆಯ ಕಡೆ ನಡೆದುಬಿಟ್ಟಳು. ನಾಲ್ಕೂ ಇಪ್ಪತ್ತು. ಬಸಣ್ಣ, ಬಾ ಇಲ್ಲೆ, ಈ ಪಾಸ್‌ವರ್ಡ್ ತಗೋ, ಆದಷ್ಟು ಉಳಸು, ಮೊದಲ ಆ ಡೋಣಿ ಪುಟ, ತಿದ್ದಿದ್ದರ ಸಮೇತ ಉಳಸು. ಈಗೇನಾತ್ರಿ ಅಕ್ಕಾರ ಎಂದು ಅವನು ಬಾಯಿ ತೆರೆದ, ನಾನು ಬರೆಯತೊಡಗಿದ್ದೆ. ಮೊದಲು ಪೀಠಿಕೆ ಹಾಕಲು ಹೊರಟೆ, ಅಳಿಸಿದೆ, ಭಾರವಾದ ಹೃದಯದಿಂದ ಎಂದು ಬೆರಳು ತಾನಾಗಿ ಒತ್ತಿತ್ತು, ಅದನ್ನೂ ಅಳಿಸಿದೆ, ಈಗಲೂ ವಾಕ್ಯ ಚೆಂದವಿರಬೇಕೇ ನಿನಗೆ. ತಪ್ಪು ಬರೆದದ್ದು ನಾನು, ಅವನು ಸತ್ತ ಮೇಲೆ ತಿದ್ದಿದ್ದು ನಾನು, ಯಲ್ಲಾಲಿಂಗ ಪುಟದಲ್ಲಿದ್ದಂತೆಯೇ ಹೋದ, ಅವನ ಹೆಂಡತಿ ಪುಟದಲ್ಲಿದ್ದಂತೆಯೇ ಓದಿದಳು, ಜಯಮಾಲಾ. ಒತ್ತಿದೆ. ಹುಲ್ಲಿನ ಮೇಲೆ ಅಲ್ಲೊಂದು ಇಲ್ಲೊಂದು ಫೋನು ಸದ್ದು ಮಾಡಿತು, ಒಂದು ಜೇಬಿನಲ್ಲಿ, ಒಂದು ಚೀಲದಲ್ಲಿ, ನಸ್ರೀನಳ ಕೈ ತುತ್ತು ಹಿಡಿದಲ್ಲೇ ನಿಂತಿತು, ಖಂಡೆಪ್ಪನವರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು, ಮತ್ತೆ ಓದಿದರು, ನನ್ನ ಕಡೆ ನೋಡಲಿಲ್ಲ, ಕಟ್ಟೆಯ ಕಡೆ ನೋಡಿದರು, ಕನ್ನಡಕ ತೆಗೆದರು. ನಸ್ರೀನ ಏಳುತ್ತಾಳೆ, ನನ್ನ ಹತ್ತಿರ ಬರುತ್ತಾಳೇನೋ ಎಂದುಕೊಂಡೆ, ದಾಟಿ ಸೌಂದರ್ಯಾಳ ಕಡೆ ಹೋದಳು, ಸರಿ, ಹಾಗೇ ಆಗಬೇಕು. ನನ್ನ ಕಾಲ ಬಳಿ ಒಂದು ಚಪ್ಪಲಿ. ಸೌಂದರ್ಯಾಳದು, ಎದ್ದು ಹೋಗುವಾಗ ಕಳಚಿದೆ, ಅವಳಿಗೆ ಗೊತ್ತೇ ಇಲ್ಲ, ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಕಾದ ಫರ್ಸಿಗಲ್ಲಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಾಳೆ, ಅತ್ತೆಯ ಮಾತು ಕೇಳುತ್ತ, ಹೂಂ ಅತ್ತಿ, ಹೂಂ, ಅಳುತ್ತಿದ್ದಾಳೆ. ಚಪ್ಪಲಿ ಮಗುಚಿ ಬಿದ್ದಿದೆ, ಮಗುಚಿದ ಚಪ್ಪಲಿ ಹಾಗೇ ಬಿಡಬಾರದು ಎಂದು ಅವ್ವ ಬಯ್ಯುತ್ತಿದ್ದಳು, ಹಿಮ್ಮಡಿಯ ಕಡೆ ಸವೆದಿದೆ, ಬಾರು ಹರಿದು ಹೊಲಿದದ್ದು, ಅವಳದೇ ಹೊಲಿಗೆ ಇರಬೇಕು, ಕಪ್ಪು ಚಪ್ಪಲಿಗೆ ನೀಲಿ ನೂಲು. ಎತ್ತಿ ಒಯ್ದು ಅವಳ ಕಾಲ ಮುಂದಿಡಬೇಕು. ಫರ್ಸಿ ಸುಡುತ್ತದೆ. ಕೈ ಮುಂದೆ ಹೋಗುತ್ತಿಲ್ಲ, ಮುಟ್ಟಲು ನನಗೇನು ಹಕ್ಕು, ಅಲ್ಲಿ ಅವಳ ಕಾಲು ಸುಡುತ್ತಿದೆ, ಎತ್ತಬೇಕು, ಮಗುಚಿದೆ, ನೀಲಿ ನೂಲು, ನಾಲ್ಕು ಹೊಲಿಗೆ, ಎತ್ತಬೇಕು, ನೀಲಿ ನೂಲು