ಬಾಗಿಲಲ್ಲಿ ಹಿಡಿಸದ ತೊಟ್ಟಿಲು

“ಅಡ್ಡ ಮಾಡ್ರಿ, ಅಡ್ಡ!” ಬಸವಲಿಂಗ ಕೂಗಿದ.

ಇಬ್ಬರು ತೊಟ್ಟಿಲನ್ನು ವಾಲಿಸಿಕೊಂಡು ಬಾಗಿಲಿಗೆ ತಂದರು. ಸ್ಟೀಲಿನ ಕಾಲು ಚೌಕಟ್ಟಿಗೆ ಬಡಿದು ನಿಂತಿತು. ತಿರುಗಿಸಿದರು, ಆಗಲೂ ಹಿಡಿಸಲಿಲ್ಲ. ಅವನ ತಂಗಿ ಸುನಂದಾ ಅದನ್ನು ಪಡಸಾಲೆಯಲ್ಲೇ ಕೂತು ಜೋಡಿಸಿದ್ದಳು. ಬಾಗಿಲು ದಾಟುವುದೋ ಇಲ್ಲವೋ ಎಂದು ನೋಡಿರಲಿಲ್ಲ.

“ಇದನ್ನ ಬಿಚ್ಚೋದು ಹ್ಯಾಂಗ್ರಿ ಮೌನೇಶಪ್ಪ? ಡಬ್ಬಿಯೊಳಗ ಕಾಗದ ಬಂದಿತ್ತಲ್ಲ, ಎಲ್ಲಿ ಅದ?”

ಸುನಂದಾಳ ಗಂಡ ಮೌನೇಶ ತಲೆಯಾಡಿಸಿದ. “ಗೊತ್ತಿಲ್ರಿ.”

ರಾಯಚೂರಿನಿಂದ ಸುನಂದಾಳ ಹೆಣ ಹೊತ್ತು ತಂದ ಆಂಬುಲೆನ್ಸ್ ಹೊರಗೆ ಬಿಸಿಲಲ್ಲಿ ನಿಂತಿತ್ತು. “ಇರ್ಲಿ ಬಿಡ್ರಿ, ಗ್ವಾಡಿಗೆ ಸರಸ್ರಿ,” ಅಂದ ಬಸವಲಿಂಗ.

ಮೈ ತೊಳೆದು, ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಸುನಂದಾಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ಮಗ್ಗುಲಲ್ಲೇ ತೊಟ್ಟಿಲು. ಸೆಕೆಗೆ ಯಾರೋ ಫ್ಯಾನ್ ಹಾಕಿದರು.

ತೊಟ್ಟಿಲು ಮೆಲ್ಲಗೆ ತೂಗತೊಡಗಿತು.

ಅಳುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಸುನಂದಾಳ ಬಾಗಿದ ಕತ್ತು, ಅರೆಮುಚ್ಚಿದ ಕಣ್ಣು. ಅವಳೇ ಕೂತು ತೂಗುತ್ತಿದ್ದಾಳೆ ಅನ್ನಿಸುತ್ತಿತ್ತು.

“ಯವ್ವಾ, ಬರೇ ತೊಟ್ಟಿಲಾ ತೂಗಬಾರದು! ಹಿಡೀರಿ ಅದನ್ನ!” ಒಬ್ಬ ಮುದುಕಿ ಕೂಗಿದಳು.

ಯಾರೂ ಏಳಲಿಲ್ಲ. ಕೊನೆಗೆ ಪಕ್ಕದ ಮನೆಯ ಖಾಸಿಂ ಬೀ ಎದ್ದು ಬಂದು ಅಂಚು ಹಿಡಿದಳು. “ಫ್ಯಾನ್ ಬಂದ್ ಮಾಡ್ರಿ,” ಎಂದವಳು, ಹೆಣ ಎತ್ತುವವರೆಗೂ ಕೈ ಬಿಡಲಿಲ್ಲ.

ಸುನಂದಾಳ ಮಗಳು ಐಶ್ವರ್ಯ ಖಾಸಿಂ ಬೀಯ ಮನೆಯಲ್ಲೇ ಇದ್ದಳು. ಗಂಡನ ಮನೆ ದೇವದುರ್ಗದಿಂದ ಓಡಿ ಬಂದವಳನ್ನು ಹಿರಿಯರು ಓಣಿಯಲ್ಲೇ ತಡೆದಿದ್ದರು. ತುಂಬಿದ ಬಸುರಿ ಹೆಣ ನೋಡಬಾರದಂತೆ. “ಮಾರಿ ಒಂದ್ಸಲ ತೋರಸ್ರಿ,” ಎಂಬ ಅವಳ ದನಿ ಗೋಡೆಯಾಚೆಯಿಂದ ಬರುತ್ತಲೇ ಇತ್ತು.

*

ಡಬ್ಬಿಯಲ್ಲಿ ಬರುವ, ಜೋಡಿಸುವ ಬಗೆ ಹೇಳುವ ಕಾಗದ ಓದುವ ತಾಳ್ಮೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ವಾಷಿಂಗ್ ಮಷಿನ್ನಿನ ನೀರು ಈಗಲೂ ಅಂಗಳಕ್ಕೆ ಹರಿಯುತ್ತಿತ್ತು. ಗೋಡೆಗೆ ಹಾಕಬೇಕಿದ್ದ ಕಪಾಟು ಎರಡು ವರ್ಷದಿಂದ ಮಂಚದಡಿ ಮಲಗಿತ್ತು. ಮೌನೇಶ ಶುರು ಮಾಡಿ ಬಿಡುತ್ತಿದ್ದ. ಸುನಂದಾ ಮುಂದುವರಿಸಿ ಬಿಡುತ್ತಿದ್ದಳು. “ಕಾಗದ ಏನ್ ಹೇಳತದ? ಕೈಗೆ ಗೊತ್ತಾಗತದ,” ಅನ್ನುತ್ತಿದ್ದಳು.

ತೊಟ್ಟಿಲನ್ನು ಮಾತ್ರ ತಾನೇ ರಾಯಚೂರಿಗೆ ಹೋಗಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಮಾನ್ವಿಗೆ ತಂದಿದ್ದಳು. ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ನಿನ್ನೆ ಸಂಜೆ ಕಾಗದ ಹಿಡಿದು ಗಂಡನೆದುರು ಬಂದು ನಿಂತಳು.

“ಉಳಿದದ್ದು ಹ್ಯಾಂಗರ ಇರ್ಲಿ. ಇದು ಕೂಸಿಂದು. ಒಂಚೂರು ಓದಿ ಹೇಳ್ರಿ.”

“ನಾಳಿ ಓದತೀನಿ, ಇಡು,” ಅಂದ ಮೌನೇಶ, ಫೋನಿನಿಂದ ತಲೆ ಎತ್ತದೆ.

ಬೆಳಿಗ್ಗೆ ಕಸ ಹೊಡೆಯುವಾಗ ಎದೆ ಹಿಡಿದುಕೊಂಡು ಕುಸಿದಳು. ರಾಯಚೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಮಣ್ಣು ಕೊಟ್ಟು ಬಂದವರು ಕಾಲು ತೊಳೆದು, ಅವಳು ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪಕ್ಕೆ ಕೈಮುಗಿದರು. ಬಸವಲಿಂಗ ಎಲ್ಲಿಂದಲೋ ಕಬ್ಬಿಣ ಕೊಯ್ಯುವ ಗರಗಸ ತಂದ.

“ಹೆಣದ ಮಗ್ಗಲ ಇದ್ದದ್ದು ಕೂಸಿಗೆ ಬ್ಯಾಡ. ಕೊಯ್ದು ಹೊರಗ ಹಾಕೋಣು.”

ಖಾಸಿಂ ಬೀಯ ಹೆಗಲು ಹಿಡಿದು ಐಶ್ವರ್ಯ ಒಳಗೆ ಬಂದಳು. “ಯಪ್ಪಾ, ಅವ್ವ ಎಲ್ಲಿ ಕುಂತಿದ್ಲು?”

ಮೌನೇಶ ದೀಪ ತೋರಿಸಿದ.

“ಮಾರಿ ಯಾ ಕಡಿಗಿತ್ತು?”

ಅವನು ತೊಟ್ಟಿಲಿನ ಮೇಲೆ ಕೈಯಿಟ್ಟ.

ಅವಳು ತೊಟ್ಟಿಲಿನತ್ತ ನೋಡಿದಳು. “ಮಾವಾ, ಗರಗಸ ಕೆಳಗಿಡ್ರಿ.”

“ಕೂಸಿನ ಭಾರಕ್ಕ ಅದು ನಿಂದರತದೋ ಇಲ್ಲೋ ಯಾರಿಗ್ ಗೊತ್ತವ್ವಾ?” ಅಂದ ಬಸವಲಿಂಗ.

ಮೌನೇಶ ಅಡಿಗೆಮನೆಗೆ ಹೋದ. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವ, ರುಬ್ಬುವ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಸುನಂದಾಳ ಹಳೆ ಸೀರೆಯಲ್ಲಿ ಅದನ್ನು ಸುತ್ತಿ, ಮೆಲ್ಲಗೆ ಒಳಗಿಟ್ಟ. ತೊಟ್ಟಿಲು ಕಿರುಗುಟ್ಟಿತು. ಒಂದು ಕಾಲು ನೆಲ ಬಿಟ್ಟು ಎದ್ದಿತು. ಐಶ್ವರ್ಯ ಭಾರವಾಗಿ ಕೂತು, ಆ ಕಾಲನ್ನು ಪಾದದಿಂದ ಒತ್ತಿ ಹಿಡಿದು, ತೂಗಿದಳು.

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಮೌನೇಶ ಮಾತ್ರ, ಕಲ್ಲು ಬಿದ್ದರೆ ಹಿಡಿಯಬೇಕೆಂದು, ತೊಟ್ಟಿಲ ಅಡಿಗೆ ಎರಡೂ ಕೈ ಚಾಚಿಕೊಂಡು ನೆಲದ ಮೇಲೆ ಕೂತೇ ಇದ್ದ.