ಎಣ್ಣಿ ಹೊಡೆದವನ ಉಡಿದಾರ

ಸಿಂಧನೂರಿನ ಆ ಆಸ್ಪತ್ರೆಯ ಒಳಕೋಣೆಯ ಬೋರ್ಡಿನ ಮೇಲೆ ತೀವ್ರ ನಿಗಾ ಘಟಕ ಎಂದಿತ್ತು. ಜನ ಸೀರಿಯಸ್ ರೂಮು ಅನ್ನುತ್ತಿದ್ದರು. ಭತ್ತಕ್ಕೆ ಹುಳ ಬಿದ್ದ ತಿಂಗಳುಗಳಲ್ಲಿ ಅಲ್ಲಿಗೆ ಬರುವವರು ಹೆಚ್ಚಾಗಿ ಎರಡೇ ತರ: ಎಣ್ಣಿ ಕುಡಿದವರು, ಗದ್ದೆಗೆ ಎಣ್ಣಿ ಹೊಡೆಯುತ್ತ ಬಿದ್ದವರು. ಕೀಟನಾಶಕಕ್ಕೆ ಆ ಕಡೆ ಎಣ್ಣಿ ಎಂದೇ ಹೆಸರು.

"ಕುಡದಾನೋ, ಹೊಡದಾನೋ?" ನರ್ಸ್ ದಾವಲ್‌ಬೀ ಕೇಳಿದಳು.

"ಹೊಡದಾನ್ರೀ ಯಕ್ಕಾ," ಎಂದಳು ಜವಳಗೇರಾದ ಆದಮ್ಮ. "ನನ್ನ ಮಗ ಚಾ ಸೈತ ಕುಡಿಯಂಗಿಲ್ಲ."

ಮಗ ಮೈಲಾರಲಿಂಗಪ್ಪನ ಬಾಯಲ್ಲಿ ನೊರೆ ಇತ್ತು. ದಾವಲ್‌ಬೀ ಮತ್ತು ಆಯಾ ಸೇರಿ ಬಟ್ಟೆ ತೆಗೆದು ಮೈಗೆ ಸಾಬೂನು ಹಚ್ಚಿ ತೊಳೆದರು. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಉಸಿರಾಟದ ಯಂತ್ರ ಅಲ್ಲಿರಲಿಲ್ಲ. ಮುಖಕ್ಕೆ ಮಾಸ್ಕು ಒತ್ತಿ, ರಬ್ಬರಿನ ಗಾಳಿಚೀಲವನ್ನು ಕೈಯಿಂದ ಹಿಂಡಬೇಕಿತ್ತು. ಅದು ದಾವಲ್‌ಬೀಯ ಕೆಲಸ. ಹಿಂಡುವಾಗ ಅವಳು ಎದೆ ಏರುವುದನ್ನು ನೋಡುತ್ತಿದ್ದಳು, ಉಗುರಿನ ಬಣ್ಣ ನೋಡುತ್ತಿದ್ದಳು. ಬೆರಳು ಮರಗಟ್ಟಿದರೆ ಕೈ ಬದಲಿಸುತ್ತಿದ್ದಳು.

ಪ್ರತಿ ಇಂಜೆಕ್ಷನ್ನಿಗೂ ಕಣ್ಣಪಾಪೆ ಅಗಲವಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಸಾಸಿವೆ ಕಾಳಿನಷ್ಟಾಗುತ್ತಿತ್ತು.

"ವಿಷ ಇನ್ನೂ ಎಲ್ಲಿಂದೋ ಒಳಗ ಹೊಂಟೈತಿ," ಎಂದರು ಡಾಕ್ಟರು. "ಪೂರಾ ತೊಳದೀರೇನು?"

ದಾವಲ್‌ಬೀ ಹೊದಿಕೆ ಸರಿಸಿದಳು. ಸೊಂಟದಲ್ಲಿ ದಪ್ಪ ಕರಿ ಉಡಿದಾರ, ಅದಕ್ಕೆ ಪೋಣಿಸಿದ ಬಟ್ಟೆಯ ತಾಯತ. ಎರಡೂ ಎಣ್ಣಿ ಕುಡಿದು ನಾರುತ್ತಿದ್ದವು. ಎಲ್ಲರೂ ಮಾಡುವಂತೆ ಅವಳೂ ಅದನ್ನು ಬಿಟ್ಟು ತೊಳೆದಿದ್ದಳು. ಚೀಲವನ್ನು ಆಯಾಳ ಕೈಗೆ ಕೊಟ್ಟು ಕತ್ತರಿ ತೆಗೆದುಕೊಂಡಳು.

ಆದಮ್ಮ ಅವಳ ಮುಂಗೈ ಹಿಡಿದಳು. "ಮುಟ್ಟಬ್ಯಾಡ! ಅದನ್ನ ಯಾವಾಗ ಹರೀತಾರ, ಗೊತ್ತೈತೇನು ನಿನಗ?"

"ಗೊತ್ತೈತಿ," ಎಂದಳು ದಾವಲ್‌ಬೀ. ಅದೇ ಕೋಣೆಯಲ್ಲಿ, ಮನೆಯವರು ಹೇಳಿದ ಮೇಲೆ, ಹೆಣದ ಸೊಂಟದಿಂದ ಅವಳೇ ಕತ್ತರಿಸಿದ್ದೂ ಇತ್ತು.

"ಹಂಗಾರ ಉಸುರು ಇರಾಗನ ನನ್ನ ಮಗನ್ನ ಹೆಣ ಮಾಡ್ತೀಯೇನು?"

"ಆಕಿನ್ನ ಹೊರಗ ಕಳಸ್ರಿ," ಎಂದರು ಡಾಕ್ಟರು.

ದಾವಲ್‌ಬೀ ಕಳಿಸಲಿಲ್ಲ. "ಯವ್ವಾ, ಉಡಿದಾರ ಹಳೇದಾದ್ರ ಮನ್ಯಾಗ ಏನು ಮಾಡ್ತೀರಿ?"

"ಹೊಸದು ಕಟ್ಟಿ ಹಳೇದು ತಗೀತೀವಿ."

"ಕಟ್ಟು ಮತ್ತ." ಬ್ಯಾಂಡೇಜಿನ ಸುರುಳಿ ಕೊಟ್ಟಳು.

"ಬಿಳೇದು ಯಾರರ ಕಟ್ತಾರೇನು ಬೇ?"

"ದವಾಖಾನ್ಯಾಗ ಎಲ್ಲಾ ಬಿಳೇದ. ಲಗೂ ಕಟ್ಟು."

ಆದಮ್ಮ ಬ್ಯಾಂಡೇಜನ್ನು ತೊಡೆಯ ಮೇಲೆ ಹೊಸೆದಳು, ಮಗನ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು, ಗಂಟನ್ನು ಎಳೆದು ನೋಡಿದಳು. ಆಮೇಲೆ ತಾನೇ ಹೊದಿಕೆ ಎತ್ತಿ ಹಿಡಿದಳು. ಕತ್ತರಿ ಆಡಿತು. ಕೆಳಗಿನ ಚರ್ಮ ಕೆಂಪಗೆ ಒದ್ದೆಯಾಗಿತ್ತು. ದಾವಲ್‌ಬೀ ಅದನ್ನು ತಿಕ್ಕಿ ತೊಳೆದು ಮತ್ತೆ ಚೀಲ ಹಿಡಿದಳು.

ಮುಂದಿನ ಇಂಜೆಕ್ಷನ್ನಿನ ನಂತರ ಕಣ್ಣಪಾಪೆ ಅಗಲವಾದದ್ದು ಹಾಗೆಯೇ ನಿಂತಿತು. ಸಂಜೆಯ ಹೊತ್ತಿಗೆ ಚೀಲ ಅವಳ ಅಂಗೈಯನ್ನು ತಾನೇ ಎಳೆಯತೊಡಗಿತು. ಹಿಂಡುವುದು ನಿಲ್ಲಿಸಿ ನೋಡಿದಳು. ಎದೆ ತಾನಾಗಿಯೇ ಏರಿತು. ಮೈಲಾರಲಿಂಗಪ್ಪ ಗಾಳಿಯಲ್ಲಿ ಏನೋ ಹಿಡಿಯುವವನಂತೆ ಕೈಯಾಡಿಸಿ ಮಾಸ್ಕು ಕಿತ್ತೆಸೆದ.

"ಯಾವಾಕಿ ಬೇ ನೀ? ಅತ್ತಾಗ ಸರಿ, ಭಾಡ್ಕಾವ್!"

"ಅಯ್ಯ, ಮಗನ ಬಾಯಿಗೆ ಏನಾತ್ರೀ?" ಎಂದು ಆದಮ್ಮ ಹೆದರಿದಳು.

"ಇಂಜೆಕ್ಷನ್ ತಲಿಗೇರೈತಿ. ಬಯ್ಯಲಿ ಬಿಡು ಯವ್ವಾ," ಎಂದಳು ದಾವಲ್‌ಬೀ. "ಬಯ್ಯಾಕೂ ಉಸುರು ಬೇಕಲ್ಲ."